ಗೋಡೆ ಮೇಲಿನ ಕೊಂಬಿಗೆ ಕಾಗದ ಎಲ್ಲಿದೆ ಸ್ವಾಮಿ?

ನಮ್ಮ ಮೈಸೂರಿನ ಹಳೇ ಮನೆಗಳ ಗೋಡೆಗೆ ಈಚೆಗೆ ಒಂದು ಹೊಸ ಮಚ್ಚೆ ಬಿದ್ದಿದೆ. ಗುರಾಣಿ ಆಕಾರದ ಮಚ್ಚೆ. ಸುತ್ತಲೂ ಸುಣ್ಣ ಹಳದಿಗಟ್ಟಿದೆ, ಅಲ್ಲಿ ಮಾತ್ರ ಬೆಳ್ಳಗಿದೆ. ವರ್ಷಗಟ್ಟಲೆ ಅಲ್ಲಿ ಕಡವೆಯ ಕೊಂಬು ತೂಗಿತ್ತು. ಎಲ್ಲಿ ಹೋಯ್ತು ಅಂತ ಕೇಳಿದರೆ, "ಪೇಂಟ್ ಮಾಡಿಸಬೇಕಿತ್ತು, ತೆಗೆದಿಟ್ಟಿದ್ದೀವಿ" ಎಂಬ ಉತ್ತರ. ಎಲ್ಲಿ ತೆಗೆದಿಟ್ಟಿದ್ದಾರೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅಟ್ಟದ ಮೇಲೆ ಗೋಣಿಚೀಲದೊಳಗೋ, ಹಿತ್ತಲ ಸೌದೆ ಮನೆಯೊಳಗೋ ಅದು ಅಡಗಿದೆ.

ಈ ಭಯ ಶುರುವಾದದ್ದು 2023ರ ಅಕ್ಟೋಬರಿನಲ್ಲಿ. ಟಿ.ವಿ. ಕಾರ್ಯಕ್ರಮವೊಂದರ ಸ್ಪರ್ಧಿ ಕತ್ತಿನಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡಿದ್ದರು ಎಂದು ಅರಣ್ಯ ಇಲಾಖೆಯವರು ಅವರನ್ನು ಬಂಧಿಸಿದರು. ಆಮೇಲೆ ಸಿನಿಮಾದವರ ಮನೆಗಳಿಗೂ ಹೋಗಿ ನೋಡಿದರು. ಊರೂರಲ್ಲಿ ದೂರುಗಳ ಸುರಿಮಳೆಯಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ, ಇಂಥ ವಸ್ತುಗಳಿದ್ದವರು ಮೂರು ತಿಂಗಳೊಳಗೆ ತಂದೊಪ್ಪಿಸಲಿ ಎಂದು ಅಧಿಸೂಚನೆ ಹೊರಡಿಸಿತು. ಗಲಾಟೆ ತಣ್ಣಗಾಯಿತು, ಪತ್ರಿಕೆಗಳು ಬೇರೆ ಸುದ್ದಿ ಹಿಡಿದವು. ಕೊಂಬುಗಳು ಮಾತ್ರ ಅಟ್ಟದ ಮೇಲೇ ಉಳಿದವು.

ಈ ಕೊಂಬುಗಳ ವಿಷಯವನ್ನು ಇವತ್ತು ನಾಲ್ಕು ಜನರ ಮುಂದೆ ಇಡುವುದು ಅಗತ್ಯ ಎಂದು ನಮಗನ್ನಿಸಿದೆ. ಹುಲಿ ಉಗುರು ಸಾವಿರ ಮನೆಯಲ್ಲಿ ಒಂದರಲ್ಲಿ ಇದ್ದೀತು. ಜಿಂಕೆ ಕೊಂಬು ಹಾಗಲ್ಲ. ಹಳೇ ಬಂಗಲೆ, ಎಸ್ಟೇಟ್ ಮನೆ, ಕ್ಲಬ್ಬು, ಪಟೇಲರ ಮನೆ ಎಲ್ಲೆಂದರಲ್ಲಿ ಅದು ಇದೆ. ಕಾಡಂಚಿನ ಗುಡಿಸಲಿನಲ್ಲೂ ತುಂಡೊಂದು ಸಿಕ್ಕೀತು.

ಕೊಂಬೆಂದರೆ ಎಲ್ಲವೂ ಒಂದೇ ಅಲ್ಲ

ಮೊದಲು ವಸ್ತು ಏನೆಂದು ತಿಳಿಯೋಣ. ಹಸು, ಎಮ್ಮೆ, ಕೃಷ್ಣಮೃಗದ ಕೊಂಬು ಒಂದು ಜಾತಿ. ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನಂಥ ಕವಚ. ಹುಟ್ಟಿದ್ದು ಸಾಯುವ ತನಕ ತಲೆಯ ಮೇಲೇ ಇರುತ್ತದೆ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿಗಳದು ಬೇರೆ ಜಾತಿ. ಅದು ಪೂರಾ ಮೂಳೆ. ಗಂಡಿಗೆ ಮಾತ್ರ ಬರುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ಚರ್ಮ ಹೊದ್ದಿರುತ್ತದೆ, ಒಳಗೆ ರಕ್ತ ಹರಿಯುತ್ತದೆ. ಬಲಿತ ಮೇಲೆ ಆ ಚರ್ಮ ಒಣಗುತ್ತದೆ, ಪ್ರಾಣಿ ಅದನ್ನು ಮರಕ್ಕೆ ಉಜ್ಜಿ ಕಳಚಿಕೊಳ್ಳುತ್ತದೆ. ಹೆಣ್ಣಿಗಾಗಿ ಕಾದಾಡುವ ಕಾಲ ಮುಗಿದ ಮೇಲೆ ಕೊಂಬೇ ಕಳಚಿ ನೆಲಕ್ಕೆ ಬೀಳುತ್ತದೆ. ಮತ್ತೆ ಹೊಸದು ಚಿಗುರುತ್ತದೆ. ಪ್ರಾಣಿಗಳ ಮೈಯಲ್ಲಿ ಇಷ್ಟು ಬೇಗ ಬೆಳೆಯುವ ಮೂಳೆ ಮತ್ತೊಂದಿಲ್ಲ.

ಕಡವೆಗೂ ಚುಕ್ಕೆ ಜಿಂಕೆಗೂ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲು. ಕಡವೆಯದು ದಪ್ಪ, ಒರಟು. ಒಳ್ಳೇ ಗಂಡಿನದಾದರೆ ಒಂದು ಮೀಟರ್ ದಾಟುವುದೂ ಉಂಟು. ಜಿಂಕೆಯದು ತೆಳು, ವೀಣೆಯ ಬಾಗಿನಂಥ ಬಾಗು.

"ನಮ್ಮದು ಬೇಟೆಯಾಡಿದ್ದಲ್ಲ, ಕಾಡಲ್ಲಿ ಬಿದ್ದಿದ್ದು ಆರಿಸಿದ್ದು" ಎಂದು ಹತ್ತರಲ್ಲಿ ಎಂಟು ಮಂದಿ ಹೇಳುತ್ತಾರೆ. ನಿಜವೋ ಸುಳ್ಳೋ ಬುಡ ನೋಡಿದರೆ ಗೊತ್ತಾಗುತ್ತದೆ. ತಾನಾಗಿ ಬಿದ್ದ ಕೊಂಬಿನ ಬುಡದಲ್ಲಿ ಗಂಟುಗಂಟಾದ ಬಳೆಯಿದ್ದು, ಅದರ ಕೆಳಗೆ ಒರಟಾಗಿ ಉಬ್ಬಿದ ತಳ ಇರುತ್ತದೆ. ಅಲ್ಲಿಗೆ ಮುಗಿಯಿತು. ಬಳೆಯ ಕೆಳಗೆ ಮೂಳೆಯ ಗೂಟ, ಅದರ ಕೆಳಗೆ ಬುರುಡೆಯ ಚೂರು ಇದ್ದರೆ ಅದು ಸತ್ತ ಪ್ರಾಣಿಯ ತಲೆಯಿಂದ ತೆಗೆದದ್ದು. ಗೋಡೆ ಮೇಲಿನ ಜೋಡಿ ಕೊಂಬುಗಳಲ್ಲಿ ಬಹುಪಾಲು ಈ ಎರಡನೇ ಬಗೆಯವು. ಬಿದ್ದ ಕೊಂಬು ಜೋಡಿಯಾಗಿ ಸಿಗುವುದು ಅಪರೂಪ. ಒಂದು ಇಲ್ಲಿ ಬಿದ್ದರೆ ಇನ್ನೊಂದು ಬೇರೆಲ್ಲೋ ಬೀಳುತ್ತದೆ.

ಗೋಡೆಗೆ ಏರಿದ್ದು ಹೇಗೆ?

ಬೇಟೆ ಒಂದು ಕಾಲಕ್ಕೆ ದೊಡ್ಡಸ್ತಿಕೆ. ಬ್ರಿಟಿಷ್ ಸಾಹೇಬರು ಬಂದೂಕು ಹಿಡಿದು ಬಂದರು, ಕೊಂಬಿನ ಉದ್ದವನ್ನು ಟೇಪು ಹಿಡಿದು ಅಳೆದರು. ಲಂಡನ್ನಿನ ರೋಲೆಂಡ್ ವಾರ್ಡ್ ಎಂಬಾತ 1892ರಿಂದ ಅಳತೆಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ. ಯಾರು ಹೊಡೆದದ್ದು ಎಷ್ಟು ಇಂಚು ಎಂಬುದು ಪುಸ್ತಕಕ್ಕೆ ಹತ್ತಿತು. ಅಲ್ಲಿಂದ ಕೊಂಬು ಮಾಂಸದ ಜೊತೆಗೆ ಸಿಗುವ ಮೂಳೆಯಾಗಿ ಉಳಿಯಲಿಲ್ಲ, ಪದಕವಾಯಿತು. ಹಸಿವಿಗೆ ಹೊಡೆಯುವವನು ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಾನೆ. ಪದಕಕ್ಕೆ ಹೊಡೆಯುವವನು ಹಿಂಡಿನಲ್ಲಿ ಅತಿ ದೊಡ್ಡ ಕೊಂಬಿನ ಗಂಡನ್ನೇ ಹುಡುಕುತ್ತಾನೆ. ಹಿಂಡಿಗೆ ಮರಿ ಕೊಡುವ ಬಲಶಾಲಿ ಅದೇ ಅಲ್ಲವೇ? ಹೋಗುವುದೂ ಅದೇ.

ಸಾಹೇಬರ ಪಕ್ಕದಲ್ಲಿ ನಮ್ಮ ಅರಸರು, ಜಮೀನ್ದಾರರು, ಅಮಲ್ದಾರರು, ಕಾಫಿ ತೋಟದ ದೊರೆಗಳು. ಇವತ್ತಿನ ಬಂಡೀಪುರ ಅವತ್ತು ಮೈಸೂರು ಅರಸರ ಬೇಟೆ ಕಾಡು. ಅದಕ್ಕೆ ಸರಿಯಾಗಿ ನಮ್ಮ ಊರಲ್ಲೇ ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್ ಕಾರ್ಖಾನೆ ಇತ್ತು. ಹೆಚ್ಚುಕಮ್ಮಿ 1900ರಲ್ಲಿ ಆರಂಭವಾಗಿ 1999ರಲ್ಲಿ ಬಾಗಿಲು ಹಾಕಿತು. ಸತ್ತ ಪ್ರಾಣಿಗೆ ಹದ ಹಾಕಿ, ಬದುಕಿರುವಂತೆ ನಿಲ್ಲಿಸುವುದರಲ್ಲಿ ಅದಕ್ಕೆ ಪ್ರಪಂಚದಲ್ಲೇ ಹೆಸರು. ಆ ಕಾರ್ಖಾನೆಯಲ್ಲಿ ಹದಗೊಂಡ ಹುಲಿ ಚಿರತೆಗಳೇ 43,000ಕ್ಕೂ ಹೆಚ್ಚು ಎಂಬ ಲೆಕ್ಕ ಇದೆ. ಜಿಂಕೆ, ಕಡವೆ, ಕಾಟಿಗಳ ತಲೆ ಬೇರೆ. ಮೈಸೂರಿಗೆ ರೇಷ್ಮೆ, ಗಂಧ, ವೀಳ್ಯದೆಲೆಯಂತೆ ಇದೂ ಒಂದು ಹೆಸರಾಗಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು.

ಕಾಲ ತಿರುಗಿತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರೇ 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು. 1973ರಲ್ಲಿ ಬಂಡೀಪುರ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಒಂದಾಯಿತು. ಬಂದೂಕಿನ ಕಾಡು ಕ್ಯಾಮೆರಾದ ಕಾಡಾಯಿತು. ಗೋಡೆ ಮೇಲಿದ್ದ ಕೊಂಬು ಮಾತ್ರ ಹಾಗೇ ಉಳಿಯಿತು.

ಕಾನೂನಿನ ಸಂದಿಯಲ್ಲಿ ಸಿಕ್ಕ ಕೊಂಬು

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಟ್ರೋಫಿ' ಎಂಬ ಪದದ ಅರ್ಥ ಹೇಳುವಾಗಲೇ ಜಿಂಕೆ ಕೊಂಬನ್ನೂ ಸೇರಿಸಿದೆ. ಆದರೆ ಇದ್ದದ್ದನ್ನು 30 ದಿನದೊಳಗೆ ಬರೆದುಕೊಡಿ ಎಂದು ಕೇಳಿದ್ದು ಹುಲಿಯಂಥ ಮೇಲು ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ. ಕಡವೆ, ಜಿಂಕೆಗಳು ಆಗ ಮೂರನೇ ಪಟ್ಟಿಯಲ್ಲಿದ್ದವು. ಲೈಸೆನ್ಸ್ ಕೊಟ್ಟು ಬೇಟೆಗೆ ಬಿಡುವ ಅವಕಾಶ ಕಾಯ್ದೆಯ ಪುಸ್ತಕದಲ್ಲೇ ಇತ್ತು. ಆ ಅವಕಾಶ ಅಳಿಸಿದ್ದು 1991ರ ತಿದ್ದುಪಡಿ. 2003ರಲ್ಲಿ ಘೋಷಣೆಗೆ ಇನ್ನೊಮ್ಮೆ 180 ದಿನ ಕೊಟ್ಟರು. ಆಗಲೂ ಕೇಳಿದ್ದು ಮೇಲು ಪಟ್ಟಿಯವನ್ನೇ. ಹೀಗಾಗಿ ಹುಲಿ ಚರ್ಮ ಇದ್ದ ದೊಡ್ಡ ಮನೆಯವರು ಮಾಲೀಕತ್ವದ ಸರ್ಟಿಫಿಕೇಟ್ ಮಾಡಿಸಿಕೊಂಡರು. "ಅಯ್ಯೋ, ಜಿಂಕೆ ಕೊಂಬಿಗೆ ಯಾವ ಕಾಗದ ಬಿಡ್ರೀ" ಎಂದ ಸಣ್ಣ ಮನೆಯವರ ಹತ್ತಿರ ಏನೂ ಉಳಿಯಲಿಲ್ಲ.

ಇವತ್ತಿನ ಸ್ಥಿತಿ ಹಾಗಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಆರು ಪಟ್ಟಿಗಳಿದ್ದದ್ದು ನಾಲ್ಕಾಗಿವೆ, ಒಳಗಿನ ಪ್ರಾಣಿಗಳ ಸ್ಥಾನ ಅದಲು ಬದಲಾಗಿದೆ. ಸಾಮಾನ್ಯ ಉಲ್ಲಂಘನೆಗೇ ಮೂರು ವರ್ಷದ ತನಕ ಜೈಲು, 25 ಸಾವಿರ ಇದ್ದ ದಂಡ ಈಗ ಒಂದು ಲಕ್ಷದ ತನಕ. ಮೊದಲ ಪಟ್ಟಿಯ ಪ್ರಾಣಿಯದಾದರೆ ಕನಿಷ್ಠ ಮೂರು ವರ್ಷ, ಏಳು ವರ್ಷದ ತನಕ ಹೋಗಬಹುದು. ಎಲ್ಲಕ್ಕಿಂತ ಮುಖ್ಯ ಮಾತು ಇನ್ನೊಂದಿದೆ. ಟ್ರೋಫಿ ನಿಮ್ಮ ವಶದಲ್ಲಿ ಸಿಕ್ಕಿತೆಂದು ಸಾಬೀತಾದರೆ ಅದು ಅಕ್ರಮವೆಂದೇ ಕಾನೂನು ಭಾವಿಸುತ್ತದೆ. ಅಕ್ರಮವಲ್ಲ ಎಂದು ತೋರಿಸುವ ಹೊಣೆ ನಿಮ್ಮ ತಲೆ ಮೇಲೆ. ಸತ್ತು ಐವತ್ತು ವರ್ಷವಾದ ತಾತ ಯಾವ ಇಸವಿಯಲ್ಲಿ, ಯಾವ ಕಾಡಲ್ಲಿ, ಯಾವ ಲೈಸೆನ್ಸಿನಲ್ಲಿ ಹೊಡೆದರು ಎಂದು ಮೊಮ್ಮಗ ಎಲ್ಲಿಂದ ತೋರಿಸಬೇಕು?

ನವಿಲುಗರಿ ಇಟ್ಟರೆ ಕೇಳೋರಿಲ್ಲ, ಜಿಂಕೆ ಕೊಂಬಿಗೆ ಯಾಕೆ ಇಷ್ಟು ಗದ್ದಲ ಎನ್ನುವವರೂ ಇದ್ದಾರೆ. ನವಿಲಿನ ಬಾಲದ ಗರಿಗೆ ಮಾರಾಟ, ವರ್ಗಾವಣೆಯ ವಿಷಯದಲ್ಲಿ ಕಾಯ್ದೆಯೇ ವಿನಾಯಿತಿ ಬರೆದಿದೆ. ಬಿದ್ದ ಕೊಂಬಿಗೆ ಅಂಥ ವಿನಾಯಿತಿ ಬರೆದಿಲ್ಲ. ಕಾರಣ ಸುಲಭ. ಕೊಂಬನ್ನು ಗರಗಸದಲ್ಲಿ ಕೊಯ್ದು ಚಾಕುವಿನ ಹಿಡಿ ಮಾಡಿದ ಮೇಲೆ, ಗುಂಡಿ ಮಾಡಿದ ಮೇಲೆ, ಪುಡಿ ಮಾಡಿದ ಮೇಲೆ ಬುಡ ಎಲ್ಲಿ, ಬಳೆ ಎಲ್ಲಿ? ಬಿದ್ದದ್ದೋ ಕೊಂದದ್ದೋ ಬ್ರಹ್ಮನೂ ಹೇಳಲಾರ. ಬಿದ್ದದ್ದಕ್ಕೆ ಬೆಲೆ ಕಟ್ಟಿದರೆ ಕೊಂದದ್ದೂ ಅದೇ ಬೆಲೆಗೆ ಅದೇ ಚೀಲದಲ್ಲಿ ಬರುತ್ತದೆ.

ಬಿದ್ದ ಕೊಂಬು ವ್ಯರ್ಥವೂ ಅಲ್ಲ. ಮುಳ್ಳುಹಂದಿ ಅದನ್ನು ಕಡಿಯುತ್ತದೆ. ಜಿಂಕೆಗಳೇ ಬಂದು ನೆಕ್ಕಿ ಅಗಿಯುತ್ತವೆ. ಸುಣ್ಣದಂಶ, ರಂಜಕದಂಶ ಕಾಡಿಗೇ ವಾಪಸು ಹೋಗುತ್ತದೆ. ಕಾಡಿನ ಸೊತ್ತು ಕಾಡಿನ ಹೊಟ್ಟೆಗೆ. ನಾಗರಹೊಳೆ, ಬಂಡೀಪುರದ ಹುಲಿ, ಚಿರತೆ, ಸೀಳುನಾಯಿಗಳ ಊಟವೇ ಜಿಂಕೆ, ಕಡವೆ. ಅವು ಕಮ್ಮಿಯಾದರೆ ಹುಲಿ ನಮ್ಮ ಹಟ್ಟಿಯ ಹಸು ಹುಡುಕಿಕೊಂಡು ಬರುತ್ತದೆ. ಅದರ ಪಾಡು ಹೆಗ್ಗಡದೇವನಕೋಟೆ, ಹುಣಸೂರು, ಗುಂಡ್ಲುಪೇಟೆ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರಿಗೇನು ಎರಡು ಕೊಂಬಿದೆಯೇ?

ಇಷ್ಟು ಹೇಳಿದ ಮೇಲೆ ನಮ್ಮ ತಕರಾರು ಏನೆಂದು ಹೇಳಬೇಕು. ಕಾನೂನು ಬೇಡ ಎಂದು ನಾವು ಹೇಳುವುದಿಲ್ಲ. ಕಾನೂನು ಇರಲಿ, ಬಿಗಿಯಾಗಿಯೇ ಇರಲಿ. ಅದು ಯಾರ ಬಾಗಿಲು ತಟ್ಟುತ್ತದೆ ಎಂಬುದು ನಮ್ಮ ಪ್ರಶ್ನೆ.

ದನ ಮೇಯಿಸಲು ಹೋದ ಹುಡುಗ ಬಿದ್ದ ಕೊಂಬೊಂದನ್ನು ಎತ್ತಿಕೊಂಡು ಬರುತ್ತಾನೆ. ಸಂತೆಯಲ್ಲಿ ಯಾರೋ ಪೇಟೆಯವನು ನೂರಿನ್ನೂರು ಕೈಗಿಟ್ಟು ಕೇಳುತ್ತಾನೆ. ಸಿಕ್ಕಿಬೀಳುವವನು ಹುಡುಗ. ಅವನ ಫೋಟೋ, ಮುಂದೆ ಕೊಂಬು, ಹಿಂದೆ ಸಮವಸ್ತ್ರದವರು. ಜಾಮೀನಿಗೆ ಮನೆಯ ಹಸು ಮಾರಬೇಕು. ಅದೇ ಹೊತ್ತಿಗೆ ಬಂಗಲೆಯ ಹಜಾರದಲ್ಲಿ ಸಾಲಾಗಿ ಹತ್ತು ಜೋಡಿ ತೂಗುತ್ತಿದ್ದರೆ, ಅದರ ಕೆಳಗಿನ ಸೋಫಾದಲ್ಲಿ ಕೂತು ಕಾಫಿ ಕುಡಿದು ಬರುವ ಅಧಿಕಾರಿಯ ಕಣ್ಣಿಗೆ ಅದು ಬೀಳುವುದಿಲ್ಲ. ಕಾಗದ ಇದೆಯೇ ಎಂದು ಕೇಳುವ ಧೈರ್ಯ ಬರುವುದಿಲ್ಲ. ಯಾಕೆ ಸ್ವಾಮಿ, ಅವರಿಗೇನು ಎರಡು ಕೊಂಬಿದೆಯೇ?

ಇನ್ನೊಬ್ಬ ಮಧ್ಯಮ ವರ್ಗದ ಬಡಪಾಯಿ ಇದ್ದಾನೆ. ತಾತನ ಮನೆ ಪಾಲಿನಲ್ಲಿ ಅವನಿಗೆ ಬಂದದ್ದು ಎರಡು ಕೋಣೆ, ಒಂದು ಹಿತ್ತಾಳೆ ಹಂಡೆ, ಒಂದು ಜೋಡಿ ಕೊಂಬು. ಅವನು ಬೇಟೆಯಾಡಿದವನಲ್ಲ, ಏರ್‌ಗನ್ ಸಹ ಮುಟ್ಟಿದವನಲ್ಲ. ಇಲಾಖೆಗೆ ಕೊಟ್ಟುಬಿಡೋಣ ಎಂದರೆ, "ತಂದುಕೊಟ್ಟರೆ ನಿನ್ನ ಮೇಲೇ ಕೇಸು" ಎಂದು ನೆಂಟರು ಹೆದರಿಸುತ್ತಾರೆ. ಅವರ ಹೆದರಿಕೆಯಲ್ಲಿ ಹುರುಳಿಲ್ಲದೆ ಇಲ್ಲ. 2022ರ ತಿದ್ದುಪಡಿಯಲ್ಲಿ ಸ್ವಇಚ್ಛೆಯಿಂದ ಒಪ್ಪಿಸುವ ದಾರಿಯೊಂದನ್ನು ತೆರೆದಿದ್ದಾರೆ. ಪರಿಹಾರ ಕೊಡುವುದಿಲ್ಲ, ಅದು ಸರಿ. ಆದರೆ ಆ ದಾರಿ ಬರೆದಿರುವುದು ಮಾಲೀಕತ್ವದ ಸರ್ಟಿಫಿಕೇಟ್ ಇದ್ದವರಿಗೆ. ಕಾಗದ ಇದ್ದವನಿಗೆ ಭಯವೂ ಇಲ್ಲ, ದಾರಿಯೂ ಇದೆ. ಕಾಗದ ಇಲ್ಲದವನಿಗೆ ಭಯ ಇದೆ, ದಾರಿ ಇಲ್ಲ. ಕಡೆಗೆ ಅವನು ಏನು ಮಾಡುತ್ತಾನೆ? ಒಂದು ಕತ್ತಲ ರಾತ್ರಿ ಸ್ಕೂಟರಿನಲ್ಲಿ ಹೋಗಿ ವರುಣಾ ನಾಲೆಗೆ ಎಸೆದು ಬರುತ್ತಾನೆ. ಇಲ್ಲವೇ ಯಾರೋ ಹಳೇ ಸಾಮಾನಿನ ದಲ್ಲಾಳಿ ಬಂದು, "ನಾನು ನೋಡ್ಕೋತೀನಿ ಬಿಡಿ ಸಾರ್" ಎಂದು ಹೊತ್ತುಕೊಂಡು ಹೋಗುತ್ತಾನೆ. ಎಸೆದರೆ ಲೆಕ್ಕ ಹೋಯಿತು. ದಲ್ಲಾಳಿಗೆ ಕೊಟ್ಟರೆ ಕಳ್ಳಪೇಟೆಗೆ ಸರಕು ಸಿಕ್ಕಿತು. ಪ್ರಾಮಾಣಿಕನಿಗೆ ನಿದ್ದೆ ಇಲ್ಲ, ನಾಲೆಗೆ ಎಸೆದವನಿಗೆ ಸುಖ ನಿದ್ದೆ. ಇದೆಂಥ ನ್ಯಾಯ?

ಓದುಗರಿಗೆ ನಾಲ್ಕು ಮಾತು

ಕೊಂಬು ಮನೆಯಲ್ಲಿದ್ದರೆ ಮೊದಲು ತಾತನ ಟ್ರಂಕು ಹುಡುಕಿ. ಹಳೇ ಬೇಟೆ ಲೈಸೆನ್ಸು, ಸರ್ಟಿಫಿಕೇಟು, ಹದ ಹಾಕಿಸಿದ ರಸೀದಿ, ಫೋಟೋ ಏನು ಸಿಕ್ಕರೂ ಜೋಪಾನ ಮಾಡಿ. ಹಲಗೆಯ ಹಿಂಭಾಗ ನೋಡಿ. ಕಾರ್ಖಾನೆಯ ಚೀಟಿ, ಇಸವಿ ಇದ್ದೀತು. ಸರ್ಟಿಫಿಕೇಟು ತಾತನ ಹೆಸರಲ್ಲಿದ್ದು ಅವರು ತೀರಿಕೊಂಡಿದ್ದರೆ, ಪಿತ್ರಾರ್ಜಿತವಾಗಿ ಬಂದ 90 ದಿನದೊಳಗೆ ವಾರಸುದಾರರು ತಿಳಿಸಬೇಕೆಂಬ ನಿಯಮ ಇದೆ. ಖಾತೆ ಬದಲಾವಣೆಗೆ ಓಡಾಡುವವರು ಇದನ್ನು ಮರೆಯುತ್ತಾರೆ.

ಸರ್ಟಿಫಿಕೇಟು ಇದ್ದರೂ ಮಾರುವ ಹಕ್ಕು ಇಲ್ಲ. ಇದು ನೆನಪಿರಲಿ. ಮೊಬೈಲಿನಲ್ಲಿ ಫೋಟೋ ಹಾಕಿ ರೇಟು ಕೇಳುವುದಂತೂ ನಾವಾಗಿ ಕೈಕೋಳಕ್ಕೆ ಕೈ ಚಾಚಿದಂತೆ.

ಬಸ್ಸಿನಲ್ಲಿ ಓಡಾಡುವವರೇ, ಇದನ್ನು ಬ್ಯಾಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಬೇಡಿ. ಸಾಗಿಸುವುದಕ್ಕೂ ಅನುಮತಿ ಬೇಕು. ಒಪ್ಪಿಸುವ ಮನಸ್ಸಿದ್ದರೆ ತಿಳಿದ ವಕೀಲರನ್ನು ಕೇಳಿ, ಮೊದಲು ಲಿಖಿತ ಪತ್ರ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆದು, ಆಮೇಲೆ ಹೆಜ್ಜೆ ಇಡಿ.

ಅಂಗಡಿಯವರಿಗೂ ಒಂದು ಮಾತು. ಕೊಂಬಿನ ಹಿಡಿಯ ಚಾಕು, ಕೊಂಬಿನ ಹಿಡಿಯ ಊರುಗೋಲು ಹಳೇ ಸಾಮಾನಿನ ಜೊತೆ ಬಂದರೆ ಕೊಳ್ಳಬೇಡಿ. ಗ್ರಂಥಿಗೆ ಅಂಗಡಿಯವರು ವಿಶೇಷವಾಗಿ ಗಮನಿಸಬೇಕು. ಎದೆ ನೋವಿಗೆ, ತಲೆ ನೋವಿಗೆ ಜಿಂಕೆ ಕೊಂಬು ತೇಯ್ದು ಹಚ್ಚುವ ಮನೆಮದ್ದು ನಮ್ಮಲ್ಲಿ ಹಳೆಯದು. ಶೃಂಗಭಸ್ಮವೂ ಇದರದ್ದೇ. ಅಜ್ಜಿ ಕೇಳಿದಳೆಂದು ಚೂರು ಇಟ್ಟುಕೊಂಡರೆ ಬರುವ ಲಾಭ ಹತ್ತು ರೂಪಾಯಿ, ಬರುವ ಗಂಡಾಂತರ ಅಂಗಡಿಯ ಬಾಗಿಲಿಗೆ ಬೀಗ.

ಸರ್ಕಾರ ಮಾಡಬೇಕಾದ್ದು

ಮೂರು ತಿಂಗಳ ಗಡುವು ಹಾಕುವುದು, ಗಡುವು ಮುಗಿದ ಮೇಲೆ ಮರೆಯುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಎಷ್ಟೋ ಹಳ್ಳಿಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ. ಬೇಕಾಗಿರುವುದು ಯಾವಾಗಲೂ ತೆರೆದಿರುವ ಒಂದು ಬಾಗಿಲು. ಕಾಗದ ಇಲ್ಲದಿದ್ದರೂ ತಾನಾಗಿ ಬಂದು ಹಳೇ ಕೊಂಬು ಒಪ್ಪಿಸಿದ ಮನೆಯವರ ಮೇಲೆ ಕೇಸಿಲ್ಲ ಎಂದು ಕಾನೂನಿನಲ್ಲೇ ಬರೆಯಬೇಕು. ಅದಕ್ಕೆ ಕೇಂದ್ರದ ತಿದ್ದುಪಡಿ ಬೇಕಾದರೆ ನಮ್ಮ ಸಂಸದರು ಬಾಯಿ ಬಿಡಲಿ. ಪ್ರತಿ ವಲಯ ಕಚೇರಿಯಲ್ಲಿ ಒಂದು ರಿಜಿಸ್ಟರ್, ಒಂದು ಫೋಟೋ, ಒಂದು ರಸೀದಿ. ಇಷ್ಟಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಾಗಿಲ್ಲ.

ಹೀಗೆ ಬಾಗಿಲು ತೆರೆದಿಟ್ಟರೆ ಕಳ್ಳ ಬೇಟೆಯವರೂ ನುಸುಳುತ್ತಾರೆ ಎಂಬ ಆಕ್ಷೇಪಣೆ ಇದೆ. ತೂಕದ ಮಾತು. ಆದರೆ ಒಪ್ಪಿಸಿದವನ ಕೈಗೆ ವಾಪಸು ಬರುವುದು ರಸೀದಿ, ಕೊಂಬಲ್ಲ. ಕೊಂಬು ಕಳಕೊಂಡ ಕಳ್ಳನಿಗೆ ಏನು ಲಾಭ? ಹಳೇ ಹಲಗೆಗೆ ಬಡಿದ ಧೂಳು ಹಿಡಿದ ಕೊಂಬಿಗೂ, ನಿನ್ನೆ ಮೊನ್ನೆ ಬುರುಡೆಯಿಂದ ಕಿತ್ತದ್ದಕ್ಕೂ ವ್ಯತ್ಯಾಸ ಕಾಡಲ್ಲಿ ಕೆಲಸ ಮಾಡಿದ ಗಾರ್ಡಿಗೆ ಗೊತ್ತಾಗುತ್ತದೆ. ಹಸಿ ಸರಕು ಕಂಡರೆ, ಚೀಲಗಟ್ಟಲೆ ಬಂದರೆ ತನಿಖೆ ಆಗಲಿ. ನಾವು ಕ್ಷಮೆ ಕೇಳುತ್ತಿರುವುದು ಮೊಮ್ಮಗನಿಗೆ, ದಂಧೆಯವನಿಗಲ್ಲ.

ಬಂದ ಕೊಂಬುಗಳನ್ನು ಏನು ಮಾಡುವುದು? ಗೋದಾಮಿನಲ್ಲಿ ರಾಶಿ ಹಾಕಿದರೆ ನಾಳೆ ಹಿಂಬಾಗಿಲಿಂದ ಹೊರಡುತ್ತವೆ. ಎಣಿಸಿ, ಪಟ್ಟಿ ಪ್ರಕಟಿಸಿ, ಬಹುಪಾಲನ್ನು ಸಾರ್ವಜನಿಕರ ಎದುರಿಗೇ ಸುಟ್ಟುಹಾಕಲಿ. ಇಸವಿ, ಕಾಡಿನ ಹೆಸರು ಗೊತ್ತಿರುವ ಒಳ್ಳೆಯವನ್ನು ನಮ್ಮ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಕೊಡಲಿ. ಶಾಲಾ ಮಕ್ಕಳು ನೋಡಿ ಕಲಿಯಲಿ. ಕೆಳಗೆ ಹೊಡೆದವನ ಹೆಸರು ಬೇಡ. ಯಾವ ಪ್ರಾಣಿ, ಯಾವ ಕಾಡು, ಯಾಕೆ ಸತ್ತಿತು ಎಂದು ಬರೆದರೆ ಸಾಕು.

ಹಾಗೇ ಮೊದಲು ಇಲಾಖೆ ತನ್ನ ಮನೆಯನ್ನೇ ಗುಡಿಸಲಿ. ಸರ್ಕಾರಿ ವಿಶ್ರಾಂತಿ ಗೃಹಗಳ ಗೋಡೆಗಳಲ್ಲಿ, ಕ್ಲಬ್ಬುಗಳ ಹಜಾರಗಳಲ್ಲಿ ತೂಗುವವು ಎಷ್ಟು, ಅವಕ್ಕೆ ದಾಖಲೆ ಎಷ್ಟು ಎಂಬ ಪಟ್ಟಿ ಅಶೋಕಪುರದ ಅರಣ್ಯ ಭವನದ ನೋಟೀಸು ಬೋರ್ಡಿಗೆ ಬರಲಿ. ದೊಡ್ಡವರ ಹಜಾರದಿಂದ ಲೆಕ್ಕ ಶುರುವಾದರೆ ಸಣ್ಣವರು ತಾವಾಗಿ ಸರದಿಯಲ್ಲಿ ನಿಲ್ಲುತ್ತಾರೆ. ದನ ಕಾಯುವ ಹುಡುಗನಿಂದ ಶುರು ಮಾಡಿದರೆ ಅಟ್ಟದ ಮೇಲಿನ ಗೋಣಿಚೀಲ ಎಂದಿಗೂ ಕೆಳಗಿಳಿಯುವುದಿಲ್ಲ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?